ಬಲಗಿವಿಗೆ ಹೋದ ಕೊಳಲು

ಹಾಡಿನ ಹೆಸರಿನ ಪಕ್ಕ 'ರೀಮಾಸ್ಟರ್ಡ್' ಅಂತ ಕಂಡ್ರೆ ನಮ್ಮ ಬೆರಳು ತಾನಾಗೇ ಅದನ್ನೇ ಒತ್ತುತ್ತೆ. ಹಳೇದು, ಹೊಸದು ಎರಡೂ ಎದುರಿಗಿದ್ರೆ ಹೊಸದೇ ಚೆನ್ನಾಗಿರುತ್ತೆ ಅಂತ ನಂಬೋದು ನಮ್ಮ ವೃತ್ತಿಯ ಅಭ್ಯಾಸ. ಎರಡನೇ ವರ್ಷನ್ ಬಂದ ಮೇಲೆ ಮೊದಲನೇದನ್ನ ಯಾರು ಕೇಳ್ತಾರೆ ಹೇಳಿ? ಆದ್ರೆ ಸಾಫ್ಟ್‌ವೇರಿಗಾದ್ರೆ ರಿಲೀಸ್ ನೋಟ್ಸ್ ಅಂತ ಒಂದಿರುತ್ತೆ. ಏನು ಸೇರಿಸಿದ್ವಿ, ಏನು ಕಿತ್ತುಹಾಕಿದ್ವಿ, ಯಾವ ಬಗ್ ಹಾಗೇ ಉಳಿದಿದೆ ಅಂತ ಅದರಲ್ಲಿ ಬರೀತೀವಿ. ಹಾಡಿಗೆ ಅಂಥದ್ದು ಇಲ್ಲ. ಅದಕ್ಕೆ ಒಂದೇ ಒಂದು ಹಾಡಿನ ರಿಲೀಸ್ ನೋಟ್ಸನ್ನ ನಾನೇ ಬರೀತಿದ್ದೀನಿ.

ಪಿರಿಯಾಪಟ್ಟಣದ ಕಡೆ ನಮ್ಮೂರು. ನಮ್ಮ ಚಿಕ್ಕಪ್ಪ ಅಲ್ಲಿ ಮೈಕ್‌ಸೆಟ್ ಇಟ್ಟಿದ್ದರು. ಮದುವೆ, ಜಾತ್ರೆ, ನಾಟಕ, ಎಲೆಕ್ಷನ್ನು, ಏನಿದ್ರೂ ಚಿಕ್ಕಪ್ಪನ ಆಂಪ್ಲಿಫೈಯರು, ಎರಡು ಹಾರನ್ನು, ಸೈಕಲ್ ಮೇಲೆ ಹೊತ್ತು ತರುವ ಬ್ಯಾಟರಿ. ನಾನು ನೋಡೋ ಹೊತ್ತಿಗೆ ಕ್ಯಾಸೆಟ್ ಬಂದಿತ್ತು. ಅದಕ್ಕೂ ಹಿಂದಿನ ಪ್ಲೇಟುಗಳು ಮನೆಯ ಅಟ್ಟದಲ್ಲಿದ್ದವು. ಚಿಕ್ಕಪ್ಪ ಓದಿದ್ದು ಏಳನೇ ಕ್ಲಾಸು. ಆದ್ರೆ ಸದ್ದಿನ ವಿಷಯದಲ್ಲಿ ನಾನು ಬಿಇ ಮಾಡಿ ಕಲಿತದ್ದಕ್ಕಿಂತ ಹೆಚ್ಚು ಅವರಿಂದ ಕಲ್ತಿದ್ದೀನಿ. ತೆಂಗಿನಮರಕ್ಕೆ ಹಾರನ್ ಕಟ್ಟಿದ ಮೇಲೆ ಅವರು ಅಲ್ಲಿ ನಿಲ್ತಿರಲಿಲ್ಲ. ಹೊಲ ದಾಟಿ ಕೆರೆ ಏರಿ ಮೇಲೆ ಹೋಗಿ ನಿಂತು ಕೇಳೋರು. ವಾಪಸ್ ಬಂದು ಟ್ರೆಬಲ್ ಕಮ್ಮಿ ಮಾಡೋರು. "ಸದ್ದು ಜೋರಾಗಿದ್ರೆ ಸಾಲದು ಕಣ್ಲಾ, ಮಾತು ಬಿಡಿಸಿ ಕೇಳ್ಬೇಕು" ಅನ್ನೋದು ಅವರ ಲೆಕ್ಕ.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಎದ್ದಾಗ ಅವರ ಬಲಗಿವಿ ಕೇಳಿಸ್ತಿರಲಿಲ್ಲ. ನೆಗಡಿ ಇರಬೇಕು, ಗುಗ್ಗೆ ಇರಬೇಕು ಅಂತ ಎಣ್ಣೆ ಬಿಟ್ಕೊಂಡು ಯಾರಿಗೂ ಹೇಳದೆ ಎರಡು ತಿಂಗಳು ಕಳೆದರು. ಗೊತ್ತಾದ ಮೇಲೆ ನಾನು ಮೈಸೂರಿಗೆ ಕರ್ಕೊಂಡು ಬಂದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಗಾಜಿನ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿ ವಯಸ್ಸಿಗೆ ತಕ್ಕ ಹಾಗಿದೆ, ಬಲಗಿವಿ ಬಹುಪಾಲು ಹೋಗಿದೆ ಅಂದರು. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಹೀಗೆ ಒಂದು ಕಿವಿ ಇದ್ದಕ್ಕಿದ್ದಂತೆ ನಿಂತುಹೋದ್ರೆ ದಯವಿಟ್ಟು ಆ ವಾರವೇ ವೈದ್ಯರ ಹತ್ರ ಓಡಿ. ಚಿಕಿತ್ಸೆಗೆ ಇರೋ ಸಮಯ ಬಹಳ ಕಮ್ಮಿ.

ಆ ಸಲ ಚಿಕ್ಕಪ್ಪ ಕುವೆಂಪುನಗರದ ನಮ್ಮ ಮನೆಯಲ್ಲಿ ಹತ್ತು ದಿನ ಉಳಿದರು. ಬೇಜಾರು ಕಳೀಲಿ ಅಂತ ನನ್ನ ಹೆಡ್‌ಫೋನ್ ಕೊಟ್ಟು, ಅವರಿಗೆ ಇಷ್ಟವಾದ ಪಿ.ಬಿ. ಶ್ರೀನಿವಾಸರ ಒಂದು ಹಾಡು ಹಾಕಿದೆ. 1970ರ ದಶಕದ ಶುರುವಿನದ್ದು. ಹಾಡಿನ ಹೆಸರು ಹೇಳಲ್ಲ. ಹೇಳಿದ್ರೆ ಯಾವ ಕಂಪನಿ ಅಂತ ನೀವು ಹುಡುಕಿಬಿಡ್ತೀರಿ. ಆ್ಯಪಿನಲ್ಲಿ ಸಿಕ್ಕಿದ್ದು ರೀಮಾಸ್ಟರ್ ಆದದ್ದು, 'ಸರೌಂಡ್' ಅಂತ ಬೇರೆ ಬರೆದಿದ್ದರು. ಅರ್ಧ ಹಾಡು ಕೇಳಿ ಹೆಡ್‌ಫೋನ್ ತೆಗೆದರು.

"ಕೊಳಲು ಎಲ್ಲೋಯ್ತಲಾ?"

ನಾನು ಹಾಕ್ಕೊಂಡು ಕೇಳಿದೆ. ಕೊಳಲು ಇತ್ತು, ಪೂರ್ತಿಯಾಗಿ ಬಲಗಡೆ. ಹಾಡಿನ ಸಾಲು ಮುಗಿದ ಕೂಡಲೇ ಉತ್ತರ ಕೊಡೋ ಹಾಗೆ ಬರ್ತಿದ್ದ ಕೊಳಲು ಈಗ ಚಿಕ್ಕಪ್ಪನ ಇಲ್ಲದ ಕಿವಿಗೆ ಹೋಗಿತ್ತು. ಆ ಹಾಡು ರೆಕಾರ್ಡ್ ಆದ ಕಾಲದಲ್ಲಿ ಎಡ ಬಲ ಅನ್ನೋದೇ ಇರಲಿಲ್ಲ. ಆಗ ನಮ್ಮ ಹಾಡುಗಳಲ್ಲಿ ಹೆಚ್ಚಿನವು ರೆಕಾರ್ಡ್ ಆಗ್ತಿದ್ದದ್ದು ಮದ್ರಾಸಿನಲ್ಲಿ. ಗಾಯಕರು, ವಾದ್ಯದವರು ಒಟ್ಟಿಗೆ ಕೂತು ಹಾಡಿ ನುಡಿಸಿದ್ದು ಮೋನೋದಲ್ಲಿ ಒಂದೇ ಪಟ್ಟಿಯಾಗಿ ಉಳೀತಿತ್ತು. ಥಿಯೇಟರಿನಲ್ಲಿ ತೆರೆಯ ಹಿಂದಿನ ಸ್ಪೀಕರು, ಮನೆಯಲ್ಲಿ ರೇಡಿಯೋ, ಊರಲ್ಲಿ ಹಾರನ್ನು, ಎಲ್ಲದಕ್ಕೂ ಒಂದೇ ಸದ್ದು. ಚಿಕ್ಕಪ್ಪ ಒಂದು ಹಾರನ್ ಮೂಡಲಿಗೆ, ಇನ್ನೊಂದು ಪಡುವಲಿಗೆ ಕಟ್ಟೋರು. ಅದು ಸ್ಟೀರಿಯೋ ಆಗಿದ್ದಿದ್ರೆ ಒಂದು ಊರಿಗೆ ತಬಲಾ, ಪಕ್ಕದೂರಿಗೆ ಕೊಳಲು ಅಂತ ಪಾಲಾಗಿ ಮದುವೆ ಮನೆಯಲ್ಲಿ ಜಗಳ ಆಗೋದು.

ಇದಕ್ಕೆ ಫೋನಿನಲ್ಲೇ ದಾರಿ ಇದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್ ಒಳಗೆ 'ಮೋನೋ ಆಡಿಯೋ' ಅಂತಿದೆ. ಅದನ್ನ ಆನ್ ಮಾಡಿದ್ರೆ ಎಡ ಬಲ ಎರಡನ್ನೂ ಕೂಡಿಸಿ ಎರಡೂ ಕಿವಿಗೆ ಕೊಡುತ್ತೆ. ಆನ್ ಮಾಡಿದೆ. ಕೊಳಲು ಬಂತು. ಆದ್ರೆ ಚಿಕ್ಕಪ್ಪನ ಮುಖ ಇನ್ನೂ ಗಂಟಾಯ್ತು. "ಈಗ ಪಿಟೀಲಿನೋರು ಎದ್ದೋದ್ರು. ಪಿಬಿ ಡಬ್ಬದೊಳಗಿಂದ ಹಾಡ್ತಾವ್ರೆ."

ಅವತ್ತು ರಾತ್ರಿ ಕೂತು ನೋಡಿದೆ. ನನ್ನ ಹತ್ರ ಅದೇ ಹಾಡಿನ ಹಳೇ ಸಿಡಿ ಇತ್ತು. ಅದನ್ನೂ, ಆ್ಯಪಿನಿಂದ ಹೊರಬರೋ ಸದ್ದನ್ನೂ ಲ್ಯಾಪ್‌ಟಾಪಿಗೆ ತಗೊಂಡು ಅಡಾಸಿಟಿಯಲ್ಲಿ ತೆರೆದೆ. ಸಿಡಿಯದರಲ್ಲಿ ಎಡದಿಂದ ಬಲವನ್ನ ಕಳೆದ್ರೆ ಪೂರ್ತಿ ನಿಶ್ಶಬ್ದ. ಅಂದ್ರೆ ಎರಡೂ ಒಂದೇ, ಶುದ್ಧ ಮೋನೋ. ಹೊಸದರಲ್ಲಿ ಹಾಗೆ ಕಳೆದ್ರೆ ಪಿಟೀಲಿನ ದಂಡೇ ಎದ್ದು ಬಂತು. ಕೂಡಿಸಿದ್ರೆ ಅವರೇ ಮಾಯ.

ಕಾರಣ ಸರಳ. ಒಂದೇ ಪಟ್ಟಿಯಲ್ಲಿರೋ ಸದ್ದನ್ನ ಅಗಲ ಮಾಡಿ ತೋರಿಸೋಕೆ ಕೆಲವು ಹಳೇ ತಂತ್ರಗಳಿವೆ. ಒಂದು, ಎಡಕ್ಕೆ ಕೊಟ್ಟ ಅಲೆಯನ್ನ ತಲೆಕೆಳಗು ಮಾಡಿ ಬಲಕ್ಕೆ ಕೊಡೋದು. ಹೆಡ್‌ಫೋನಿನಲ್ಲಿ ಸದ್ದು ತಲೆಯ ಸುತ್ತ ಹರಡಿದ ಹಾಗೆ ಭಾಸವಾಗುತ್ತೆ. ಆದ್ರೆ ಕೂಡಿಸಿದಾಗ ಒಂದಕ್ಕೆ ಮೈನಸ್ ಒಂದು ಸೇರಿ ಸೊನ್ನೆ. ಇನ್ನೊಂದು, ಬಲಗಡೆಯ ಸದ್ದನ್ನ ಕೆಲವು ಮಿಲಿಸೆಕೆಂಡು ತಡ ಮಾಡೋದು. ಅದನ್ನ ಕೂಡಿಸಿದ್ರೆ ಕೆಲವು ಕಂಪನಾಂಕಗಳು ಒಂದನ್ನೊಂದು ತಿಂದುಹಾಕಿ ದನಿ ಟೊಳ್ಳಾಗುತ್ತೆ. ಚಿಕ್ಕಪ್ಪ ಹೇಳಿದ ಡಬ್ಬ ಅದೇ. ಇದರ ಮೇಲೆ ಇಡೀ ಹಾಡನ್ನ ಜೋರು ಮಾಡಿದ್ರು. ಸಿಡಿಯ ಚಿತ್ರದಲ್ಲಿ ಅಲೆ ಬೆಟ್ಟ ಕಣಿವೆ ಥರ ಇತ್ತು, ಹೊಸದು ಇಟ್ಟಿಗೆ ಪೇರಿಸಿದ ಗೋಡೆ ಥರ.

ಇದು ನಮ್ಮೊಬ್ಬರ ಕಾಯಿಲೆಯೂ ಅಲ್ಲ, ಇವತ್ತಿನದ್ದೂ ಅಲ್ಲ. 1960ರ ದಶಕದಲ್ಲೇ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್ ಮೋನೋ ಹಾಡುಗಳನ್ನ ಹೀಗೇ ಸೀಳಿ 'ಡ್ಯುಯೋಫೋನಿಕ್' ಅಂತ ಹೆಸರಿಟ್ಟು ಮಾರ್ತಿತ್ತು, ಬೀಟಲ್ಸ್ ಹಾಡುಗಳೂ ಅದರಲ್ಲಿದ್ದವು. ಕೊನೆಗೆ 2009ರಲ್ಲಿ ಬೀಟಲ್ಸ್‌ನ ಮೋನೋ ಮಿಕ್ಸ್‌ಗಳದ್ದೇ ಒಂದು ಪೆಟ್ಟಿಗೆ ಬಂತು, ಜನ ಹುಡುಕಿ ಕೊಂಡರು. ಚಿಕ್ಕಪ್ಪನಿಗೆ ನಾನು ಹೇಳಿದ ಕಥೆ ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್‌ದು. ಆತನಿಗೂ ಬಲಗಿವಿ ಹೆಚ್ಚುಕಮ್ಮಿ ಕೇಳಿಸ್ತಿರಲಿಲ್ಲ. ರಾಕ್ ಸಂಗೀತದಲ್ಲಿ ದೊಡ್ಡ ಹೆಸರಾದ 'ಪೆಟ್ ಸೌಂಡ್ಸ್' ಆಲ್ಬಮ್ಮನ್ನ 1966ರಲ್ಲಿ ಮೋನೋದಲ್ಲೇ ಮಾಡಿದ. ಅದರ ಸ್ಟೀರಿಯೋ ಬಂದದ್ದು 1997ರಲ್ಲಿ. ಆದ್ರೆ ಅಲ್ಲಿ ಬೇರೆ ಬೇರೆ ಟ್ರ್ಯಾಕ್‌ಗಳ ಮೂಲ ಟೇಪುಗಳಿದ್ದವು, ಅವನ್ನ ತೆಗೆದು ಹೊಸದಾಗಿ ಹೊಂದಿಸಿದರು. ಮೋನೋ ಕೂಡ ಮಾರುಕಟ್ಟೆಯಲ್ಲಿ ಉಳೀತು. "ಒಂಟಿ ಕಿವಿಯೋನೇ ಮಾಡಿದ್ನಾ?" ಅಂತ ಚಿಕ್ಕಪ್ಪ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡರು.

ಹಳೇದನ್ನ ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' 2018ರ ಜುಲೈನಲ್ಲಿ ಸಿನಿಮಾಸ್ಕೋಪಿನಲ್ಲಿ, 7.1 ಸದ್ದಿನಲ್ಲಿ ಮತ್ತೆ ತೆರೆಗೆ ಬಂದಾಗ, ಅದು ಬಂದ ಕಾಲಕ್ಕೆ ಹುಟ್ಟೇ ಇರದಿದ್ದ ನಮ್ಮಂಥವರಿಗೆ ದೊಡ್ಡ ಪರದೆಯಲ್ಲಿ ರಾಮಾಚಾರಿ ಸಿಕ್ಕ. ಥಿಯೇಟರಿನಲ್ಲಿ ಸದ್ದು ಗಾಳಿಯಲ್ಲಿ ಬೆರೆತು ಬರೋದ್ರಿಂದ ಒಂದು ಕಿವಿಗೂ ಅಷ್ಟಿಷ್ಟು ಎಲ್ಲವೂ ತಲುಪುತ್ತೆ. 1960ರ 'ಮೊಘಲ್-ಎ-ಆಜಂ' 2004ರಲ್ಲಿ ಬಣ್ಣದಲ್ಲಿ ಬಂದಾಗ, ನೌಷಾದ್ ಇನ್ನೂ ಇದ್ದರು. ಹಿನ್ನೆಲೆ ಸಂಗೀತವನ್ನ ಅವರನ್ನೇ ಮುಂದಿಟ್ಟುಕೊಂಡು ಮತ್ತೆ ನುಡಿಸಿದರು. ಈಗಂತೂ ಒಂದೇ ಪಟ್ಟಿಯಿಂದ ದನಿ, ವಾದ್ಯಗಳನ್ನ ಬಿಡಿಸೋ ಎಐ ಬಂದಿದೆ. 2022ರಲ್ಲಿ ಬೀಟಲ್ಸ್‌ನ 'ರಿವಾಲ್ವರ್' ಹಾಗೇ ಹೊಸದಾಯ್ತು. ಕಾಸು, ಸಮಯ, ಕಿವಿ ಮೂರೂ ಇದ್ರೆ ಒಳ್ಳೇ ಕೆಲಸ ಆಗುತ್ತೆ.

ನನ್ನ ತಕರಾರು ಇಷ್ಟೇ. ನಾನು ಹುಡುಕಿದ ಆ್ಯಪಿನಲ್ಲಿ ಆ ಹಾಡಿನ ಮೂಲ ಮೋನೋ ಇರಲೇ ಇಲ್ಲ. ಹೊಸದು ಬಂದು ಹಳೇದರ ಜಾಗದಲ್ಲೇ ಕೂತುಬಿಟ್ಟಿತ್ತು. ನಾವು ಕೋಡ್ ಬರೆಯೋವಾಗ ಹಳೇ ವರ್ಷನ್ನನ್ನ ರೆಪಾಸಿಟರಿಯಿಂದ ಅಳಿಸಿದವನಿಗೆ ಏನು ಮಾಡ್ತೀವಿ ಅಂತ ನಿಮಗೇ ಗೊತ್ತು. ಐವತ್ತು ವರ್ಷ ಒಂದು ನಾಡು ಕೇಳಿದ ಹಾಡಿಗೆ ಅಷ್ಟೂ ಬೇಡವಾ? ಎರಡನ್ನೂ ಇಡಿ, ಹೊಸದಕ್ಕೆ ಏನು ಮಾಡಿದ್ವಿ ಅಂತ ಎರಡು ಸಾಲು ಬರೀರಿ, ರಿಲೀಸ್ ಮಾಡೋ ಮುಂಚೆ ಒಂದೇ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಫೋನನ್ನ ಮೇಜಿನ ಮೇಲಿಟ್ಟು, ಪುಟ್ಟ ಬ್ಲೂಟೂತ್ ಡಬ್ಬಿಯಲ್ಲಿ ಹಾಡು ಕೇಳೋರು ಈ ನಾಡಿನಲ್ಲಿ ಕಮ್ಮಿ ಜನ ಇಲ್ಲ.

ಹತ್ತನೇ ದಿನ ಊರಿಗೆ ಹೊರಡೋವಾಗ ಚಿಕ್ಕಪ್ಪ ಯಾರದೋ ಮದುವೆ ಕಾಗದದ ಹಿಂದೆ ಬರೆದ ಪಟ್ಟಿಯೊಂದನ್ನ ಕೈಗಿಟ್ಟರು. ಒಟ್ಟು 40 ಹಾಡು. ಸಿಡಿ ಇಟ್ಟುಕೊಂಡವರ ಮನೆ, ಗೆಳೆಯರ ಅಪ್ಪಂದಿರ ಕಪಾಟು, ನಮ್ಮೂರ ಅಟ್ಟ ಎಲ್ಲ ತಡಕಿ, ಎಡದಿಂದ ಬಲ ಕಳೆದು ಸೊನ್ನೆ ಬಂದದ್ದನ್ನ ಮಾತ್ರ ಒಂದು ಪೆನ್‌ಡ್ರೈವಿಗೆ ಹಾಕ್ತಾ ಇದ್ದೀನಿ. 23 ಆಗಿದೆ. ನಿಮ್ಮ ಮನೆಯಲ್ಲೂ ಹಳೇ ಕ್ಯಾಸೆಟ್ಟು, ಸಿಡಿ ಇದ್ರೆ ಈ ಸಲದ ದೀಪಾವಳಿ ಕ್ಲೀನಿಂಗಿನಲ್ಲಿ ಎಸೀಬೇಡಿ. ನನಗಿನ್ನೂ 17 ಬಾಕಿ ಇದೆ.