ಅವ್ವನ ಸುಗಂಧಿ

ನಿಮ್ಮ ಹಿತ್ತಲಿನಲ್ಲಿಯೂ ಬಿಸಿಲು ಸರಿಯಾಗಿ ತಾಗದ ಒಂದು ಮೂಲೆ ಇದ್ದೇ ಇರುತ್ತದೆ. ಅಲ್ಲಿ ಏನೂ ಬೆಳೆಯದೆಂದು ಒಡೆದ ಕೊಡ, ಹಳೆಯ ಹಂಚುಗಳನ್ನು ಪೇರಿಸಿಟ್ಟಿರುತ್ತೀರಿ. ರಟ್ಟೀಹಳ್ಳಿಯ ನಮ್ಮ ಮನೆಯಲ್ಲಿ ಅಂಥ ಮೂಲೆಯಿರುವುದು ಬಚ್ಚಲಿನ ಹಿಂದೆ, ಮಾವಿನ ಮರದ ನೆರಳಿನಲ್ಲಿ. ನನ್ನ ತಾಯಿ ಅಲ್ಲಿ ಸುರುಳಿ ಸುಗಂಧಿಯನ್ನು ನೆಟ್ಟಿದ್ದರು.

ಶುಂಠಿ, ಅರಿಶಿನಗಳ ಬಳಗಕ್ಕೆ ಸೇರಿದ ಸಸ್ಯವಿದು. ನಾಲ್ಕೈದು ಅಡಿ ಎತ್ತರಕ್ಕೆ ಬೆಳೆದು, ಮಳೆಗಾಲದ ನಡುವಿನಿಂದ ಅಕ್ಟೋಬರ್‌ವರೆಗೆ ಚಿಟ್ಟೆಯಂಥ ಬಿಳಿಯ ಹೂಗಳನ್ನು ಬಿಡುತ್ತದೆ. ಸಂಜೆ ಅರಳಿದ ಹೂವು ಮರುದಿನವೇ ಬಾಡುತ್ತದೆ. ಅಷ್ಟರೊಳಗೆ ಇಡೀ ಹಿತ್ತಲಿಗೆ ಪರಿಮಳ ಹರಡಿರುತ್ತದೆ. ಇದರ ತವರು ಪೂರ್ವ ಹಿಮಾಲಯದ ಕಡೆಯಾದರೂ, ದೂರದ ಕ್ಯೂಬಾ ಇದನ್ನು ತನ್ನ ರಾಷ್ಟ್ರಪುಷ್ಪವಾಗಿಸಿಕೊಂಡಿದೆ. ಹವಾಯಿ ದ್ವೀಪಗಳಲ್ಲಂತೂ ಕಾಡಿಗೆ ನುಗ್ಗಿ ಕಳೆಯೆನಿಸಿಕೊಂಡಿದೆ! ಮಲೆನಾಡಿನವರಿಗೆ ಇದನ್ನು ಬೆಳೆಸುವುದು ದೊಡ್ಡ ಮಾತಲ್ಲ. ಮಲೆನಾಡಿನ ಸೆರಗು ಮುಗಿದು ಬಯಲು ತೊಡಗುವ ನಮ್ಮ ಕಡೆ ಮಾತ್ರ ಏಪ್ರಿಲ್ ಬಿಸಿಲಿಗೆ ಎಲೆಯಂಚು ಸುಟ್ಟುಹೋಗುತ್ತದೆ. ಮರದ ನೆರಳೂ ಬಚ್ಚಲ ನೀರಿನ ತೇವವೂ ಒಟ್ಟಿಗೆ ದೊರೆಯುವ ಜಾಗವನ್ನು ತಾಯಿ ಆರಿಸಿದ್ದು ಅದಕ್ಕಾಗಿಯೇ.

ಅವರು ತೀರಿಕೊಂಡ ವರ್ಷ, ಹಾನಗಲ್ಲಿನಲ್ಲಿರುವ ತಂಗಿ ಬಂದು, "ಅಣ್ಣಾ, ಅವ್ವನ ಹೂವಿನ ಒಂದು ಗಡ್ಡಿ ಕೊಡು" ಎಂದಳು. ಮನೆ-ಹೊಲಗಳ ಪಾಲಿನ ಮಾತು ಆಗಷ್ಟೇ ಮುಗಿದಿತ್ತು. ಮುಗಿದಿತ್ತು ಎನ್ನುವುದಕ್ಕಿಂತ ನಿಂತಿತ್ತು ಎನ್ನುವುದೇ ಸರಿ. "ಕಿತ್ತರ ಗಿಡ ಸಾಯತೈತಿ" ಎಂದುಬಿಟ್ಟೆ. ಅದು ಸುಳ್ಳೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೇಳಿದವರಿಗೆಲ್ಲ ತಾಯಿ ಗಡ್ಡೆ ಕಿತ್ತುಕೊಡುವುದನ್ನು ನೋಡುತ್ತಲೇ ನಾವಿಬ್ಬರೂ ಬೆಳೆದಿದ್ದೆವು.

ಆ ಮೆಳೆಯನ್ನು ನಾನು ಯಾರಿಗೂ ಮುಟ್ಟಗೊಡಲಿಲ್ಲ. ಮೊದಲ ವರ್ಷ ಹೂವು ತುಂಬ ಬಂತು. ಎರಡನೆಯ ವರ್ಷ ಅಂಚಿನಲ್ಲಿ ಮಾತ್ರ ಬಂತು. ಮೂರನೆಯ ವರ್ಷ, ಗೊಬ್ಬರ ಹಾಕಿದರೂ ಒಂದು ತೆನೆಯೂ ಕಾಣಲಿಲ್ಲ. ಮರುವರ್ಷ ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮೇಲೆ ಸಲಿಕೆ ಹಿಡಿದು ಅಗೆದೆ. ಗಡ್ಡೆಗಳು ಒಂದರ ಮೇಲೊಂದು ಏರಿ, ಮಣ್ಣು ಸಾಲದೆ ಮೇಲಕ್ಕೆ ಎದ್ದಿದ್ದವು. ನಡುವಿನವು ಒಣಗಿ ಟೊಳ್ಳಾಗಿದ್ದವು. ತಾಯಿ ವರ್ಷ ವರ್ಷವೂ ಕೊಡುತ್ತಿದ್ದರಲ್ಲ, ಗಿಡ ಹೂ ಬಿಡುತ್ತಿದ್ದುದು ಅದರಿಂದಲೇ.

ನೀವೂ ಬೆಳೆಸುವುದಾದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಹೀಗೆ ಅಗೆದು ಬಿಡಿಸಿರಿ. ಒಂದೊಂದು ತುಂಡಿಗೆ ಎರಡು ಮೂರು ಕಣ್ಣುಗಳಾದರೂ ಇರಲಿ. ಕೊಯ್ದ ಗಾಯ ಒಂದು ದಿನ ನೆರಳಿನಲ್ಲಿ ಆರಲಿ. ಬಳಿಕ ಕಣ್ಣು ಮೇಲಾಗಿ ಅಡ್ಡಲಾಗಿಟ್ಟು, ಎರಡು ಅಂಗುಲ ಮಣ್ಣು ಮುಚ್ಚಿದರೆ ಸಾಕು. ಸಾಲಿನಲ್ಲಿ ಎರಡಡಿ ಅಂತರವಿರಲಿ. ಹೂವು ಮುಗಿದ ದಂಟು ಮತ್ತೆ ಹೂ ಬಿಡುವುದಿಲ್ಲ, ಅದನ್ನು ಬುಡಕ್ಕೆ ಕೊಯ್ದುಹಾಕಿರಿ. ನೆಟ್ಟ ವರ್ಷ ಹೂವು ಕಡಿಮೆಯಾದರೆ ಬೇಸರಿಸಬೇಡಿ.

ಒಳ್ಳೆಯ ತುಂಡುಗಳು ಹದಿನಾಲ್ಕು ದೊರೆತವು. ಏಳನ್ನು ಹಳೆಯ ಜಾಗದಲ್ಲಿಯೇ ನೆಟ್ಟು, ಉಳಿದ ಏಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹಾನಗಲ್ಲಿಗೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಯಾವ ಮಾತೂ ಸರಿಹೋಗಲಿಲ್ಲ.

ತಂಗಿ ಚೀಲ ಬಿಚ್ಚಿ ನೋಡಿದಳು. ಏನೂ ಅನ್ನದೆ ಹಿತ್ತಲಿಗೆ ನಡೆದಳು. ಹಲಸಿನ ಮರದಡಿಯಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಸುತ್ತ ಕಲ್ಲಿಟ್ಟ ಒಂದು ಮಡಿಯಿತ್ತು. ಅದರಲ್ಲಿ ಒಂದು ಗಿಡವೂ ಇರಲಿಲ್ಲ; ಉದುರಿದ ಎಲೆ ಕೊಳೆತು ಮಣ್ಣು ಕಪ್ಪಾಗಿತ್ತು.

"ಅವ್ವ ಹೋದ ವರ್ಷಾನ ಮಾಡಿಟ್ಟಿದ್ದೆ" ಎಂದಳು.

ನಾನು ಕುಳಿ ತೆಗೆದೆ. ಕಣ್ಣು ಯಾವ ಕಡೆಗಿರಬೇಕೆಂದು ಹೇಳಹೊರಟಾಗ, ಅವಳು ಆಗಲೇ ಸರಿಯಾಗಿಯೇ ಇಟ್ಟು ಮಣ್ಣು ಮುಚ್ಚುತ್ತಿದ್ದಳು.