ಅಂಕೋಲೆಯ ಉಪ್ಪು, ಕಾರವಾರದ ಚಿನ್ನ, ಕೈಗಾದ ಲೆಕ್ಕ

ಅಂಕೋಲೆ ಎಂದೊಡನೆ ಹಿರಿಯರಿಗೆ ನೆನಪಾಗುವುದು ಉಪ್ಪು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿಯ ಜನ ಬ್ರಿಟಿಷರ ಉಪ್ಪಿನ ಕಾಯಿದೆ ಮುರಿದರು. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರೂ ಈ ಊರಿಗಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪಿರುತ್ತದೆ. ಅದನ್ನು ಅಂಗೈಯಲ್ಲಿ ಹಿಡಿಯಬಹುದು, ತಕ್ಕಡಿಯಲ್ಲಿ ತೂಗಬಹುದು. ಆದರೆ ಅದೇ ನೀರಿನಲ್ಲಿ ಯಾವ ಅಂಗಡಿಯ ತಕ್ಕಡಿಗೂ ಸಿಗದ ವಸ್ತುಗಳೂ ಇವೆ.

ಅಂಕೋಲೆಯಿಂದ ಉತ್ತರಕ್ಕೆ ಹೊರಟರೆ ಅವರ್ಸಾ, ಅಮದಳ್ಳಿ, ಅರ್ಗಾ, ಬಿಣಗಾ ದಾಟಿ ಹೆದ್ದಾರಿ ಕಾರವಾರ ಸೇರುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಘಟ್ಟದ ಸಾಲು. ಕಾರವಾರದಲ್ಲಿ ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರದಲ್ಲಿ ನಿಂತರೆ ಎದುರಿಗೆ ಕಾಣುವ ಅರಬ್ಬಿ ಸಮುದ್ರದಲ್ಲಿ ಯುರೇನಿಯಂ ಇದೆ, ಚಿನ್ನವೂ ಇದೆ! ಸಮುದ್ರದ ಒಂದು ಲೀಟರ್ ನೀರಿನಲ್ಲಿ ಯುರೇನಿಯಂ ಸುಮಾರು 0.0000033 ಗ್ರಾಂ, ಚಿನ್ನ ಸುಮಾರು 0.00000000001 ಗ್ರಾಂ.

ಸೊನ್ನೆಗಳನ್ನು ಎಣಿಸುತ್ತ ಹೋದರೆ ಕಣ್ಣು ತಪ್ಪುತ್ತದೆ. ಅದಕ್ಕೇ ಪ್ರೌಢಶಾಲೆಯ ಗಣಿತದಲ್ಲಿ ಘಾತಾಂಕದ ಪಾಠವಿದೆ. ವೈಜ್ಞಾನಿಕ ರೂಪದಲ್ಲಿ ಯುರೇನಿಯಂ 3.3×10⁻⁶ ಗ್ರಾಂ, ಚಿನ್ನ 1×10⁻¹¹ ಗ್ರಾಂ. ಅವಸರದ ವಿದ್ಯಾರ್ಥಿ 3.3 ಮತ್ತು 1 ನೋಡಿ ‘ಮೂರು ಪಟ್ಟು’ ಎಂದುಬಿಡುತ್ತಾನೆ. ಇನ್ನೊಬ್ಬಳು 11 ದೊಡ್ಡದಲ್ಲವೇ ಎಂದು ಚಿನ್ನವೇ ಹೆಚ್ಚು ಎನ್ನುತ್ತಾಳೆ. ಎರಡೂ ಸರಿಯಲ್ಲ. ಋಣ ಘಾತಾಂಕದಲ್ಲಿ ಅಂಕಿ ಬೆಳೆದಷ್ಟೂ ಬೆಲೆ ಕುಗ್ಗುತ್ತದೆ. ಮುಂದಿನ ಸಂಖ್ಯೆಗಳನ್ನು ಭಾಗಿಸಿ, ಘಾತಾಂಕಗಳನ್ನು ಕಳೆಯಬೇಕು: –6ರಿಂದ –11 ಕಳೆದರೆ +5. ಉತ್ತರ 3.3×10⁵. ಅಂದರೆ ಯುರೇನಿಯಂ ಚಿನ್ನಕ್ಕಿಂತ 3 ಲಕ್ಷ 30 ಸಾವಿರ ಪಟ್ಟು ಹೆಚ್ಚು. ಉಪ್ಪಾದರೋ ಯುರೇನಿಯಂಗಿಂತ ಸುಮಾರು ಒಂದು ಕೋಟಿ ಪಟ್ಟು!

ಘಾತಾಂಕ ತಪ್ಪಿದರೆ ಏನಾಗುತ್ತದೆ? ಮೊದಲ ಮಹಾಯುದ್ಧದ ಬಳಿಕ ಜರ್ಮನಿಯ ಯುದ್ಧ ಪರಿಹಾರದ ಸಾಲ ತೀರಿಸಲು ಪ್ರಸಿದ್ಧ ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್ ಸಮುದ್ರದಿಂದ ಚಿನ್ನ ತೆಗೆಯಲು ಹೊರಟರು. ವರ್ಷಗಟ್ಟಲೆ ದುಡಿದ ಮೇಲೆ, ನಂಬಿದ್ದ ಹಳೆಯ ಅಂದಾಜು ಸುಮಾರು ಸಾವಿರ ಪಟ್ಟು ಹೆಚ್ಚಾಗಿತ್ತೆಂದು ತಿಳಿಯಿತು. ಘಾತಾಂಕದಲ್ಲಿ ಬರೀ ಮೂರರ ವ್ಯತ್ಯಾಸ, ಯೋಜನೆಯೇ ಮುಳುಗಿತು.

ಕಾರವಾರ ತಾಲೂಕಿನವರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಕಾಳಿ ನದಿಯ ಗುಂಟ ಒಳನಾಡಿಗೆ ಹೋದರೆ ಕದ್ರಾ ಜಲಾಶಯ, ಅದರ ಬದಿಗೆ ಕೈಗಾ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಅಲ್ಲಿ ಯುರೇನಿಯಂನಿಂದ ವಿದ್ಯುತ್ ಉತ್ಪಾದಿಸುತ್ತವೆ. ಆ ಯುರೇನಿಯಂ ಕಡಲಿನದಲ್ಲ, ಗಣಿಯದು. 2009ರ ನವೆಂಬರ್‌ನಲ್ಲಿ ಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಟ್ರೀಷಿಯಂ ಸೇರಿದ ಸುದ್ದಿ ಬಂದಾಗ ಮನೆಮನೆಯಲ್ಲೂ ಆತಂಕ. ಪತ್ರಿಕೆಗಳಲ್ಲಿ ‘ಮಿಲಿಸೀವರ್ಟ್’ ಎಂಬ ಮಾತು ಓಡಾಡಿತು. ಎಷ್ಟು ಮಂದಿಗೆ ಅದು ಅರ್ಥವಾಗಿದ್ದೀತು?

ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ ಸೀವರ್ಟ್. ಮಿಲಿ ಎಂದರೆ 10⁻³, ಮೈಕ್ರೋ ಎಂದರೆ 10⁻⁶. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸಹಜವಾಗಿ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4×10⁻³ ಸೀವರ್ಟ್. ಅದರ ಮೇಲೆ, ಸ್ಥಾವರಗಳಿಂದ ಸಾರ್ವಜನಿಕರಿಗೆ ತಗಲಬಹುದಾದ ವಾರ್ಷಿಕ ಮಿತಿ 1×10⁻³. ಅಲ್ಲಿ ದುಡಿಯುವವರಿಗೆ ಯಾವುದೇ ಒಂದು ವರ್ಷದ ಮಿತಿ 3×10⁻². ಇಲ್ಲಿಯೂ 3 ಮತ್ತು 1 ಕಂಡು ಮೂರು ಪಟ್ಟು ಎನ್ನಬಾರದು, ಅದು ಮೂವತ್ತು ಪಟ್ಟು. ಹಾಗೆಯೇ 9 ಮೈಕ್ರೋಸೀವರ್ಟ್ ಎಂದು ಯಾರಾದರೂ ಹೇಳಿದರೆ, 9 ದೊಡ್ಡದೆಂದು ಹೆದರುವ ಮೊದಲು ಅದನ್ನು 9×10⁻⁶ ಎಂದು ಬರೆದು ನೋಡಬೇಕು: 1 ಮಿಲಿಸೀವರ್ಟ್‌ನ ನೂರರಲ್ಲಿ ಒಂದು ಪಾಲೂ ಇಲ್ಲ. ಮೈಕ್ರೋ ಇದ್ದಲ್ಲಿ ಮಿಲಿ ಇದ್ದರೆ ಸುಮ್ಮನಿರುವಂತೆಯೂ ಇಲ್ಲ.

ಮಕ್ಕಳು ಈ ಪಾಠ ಕಲಿಯುವುದು ಪರೀಕ್ಷೆಯ ಎರಡು ಅಂಕಕ್ಕೆ ಮಾತ್ರವಲ್ಲ. ಸಂಜೆ ಪತ್ರಿಕೆ ಓದುವಾಗ ಅಪ್ಪ ಅಮ್ಮಂದಿರೂ ಜೊತೆಗೆ ಕುಳಿತು, ಮೊದಲು ಮಾನ, ಆಮೇಲೆ ಘಾತಾಂಕ, ಕೊನೆಗೆ ಮುಂದಿನ ಅಂಕಿ ನೋಡಿದರೆ, ಸುಳ್ಳು ಭಯವೂ ಸುಳ್ಳು ಧೈರ್ಯವೂ ಮನೆಯೊಳಗೆ ಬರಲಾರವು.