ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಮಕ್ಕಳ ಆಟದಲ್ಲಿ ಹಳೆಯದೊಂದು ಏರ್ಪಾಡಿದೆ. ತೀರ ಚಿಕ್ಕ ಮಗುವೊಂದು ತಾನೂ ಆಡುವೆನೆಂದು ಹಠ ಹಿಡಿದರೆ ಉಳಿದವರು ಸೇರಿಸಿಕೊಳ್ಳುತ್ತಾರೆ. ಆದರೆ ಅದು ಮುಟ್ಟಿದರೆ ಯಾರೂ ಔಟಾಗುವುದಿಲ್ಲ, ಅದನ್ನು ಮುಟ್ಟಿದರೂ ಅದು ಔಟಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕ ಮಗು ಮರುವರ್ಷ ಬೆಳೆದು ಲೆಕ್ಕಕ್ಕೆ ಬರುತ್ತದೆ. ಗಾಲಿಕುರ್ಚಿಯ ಮಗು ಮಾತ್ರ ಹತ್ತನೆಯ ಇಯತ್ತೆಯವರೆಗೂ ಮೈದಾನದ ಅಂಚಿನಲ್ಲೇ ಉಳಿದು ಅಂಕ ಬರೆಯುತ್ತದೆ, ಗೆಳೆಯರ ಚೀಲ ಕಾಯುತ್ತದೆ.

ಈ ಏರ್ಪಾಡನ್ನು ಪ್ರಶ್ನಿಸಲು ಪೇಂಟ್‌ಬಾಲ್ ಎಂಬ ಆಟ ಒಳ್ಳೆಯ ನೆಪ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಕಾಡಿನಲ್ಲಿ 12 ಜನ, ಮರಗಳಿಗೆ ಗುರುತು ಹಾಕುವ ಬಣ್ಣದ ಪಿಸ್ತೂಲು ಹಿಡಿದು ಇದನ್ನು ಮೊದಲು ಆಡಿದರು. ಸುಮಾರು 17 ಮಿಲಿಮೀಟರ್ ದಪ್ಪದ ಜೆಲಟಿನ್ ಗುಂಡು ಮೈಗೆ ತಾಗಿ ಒಡೆದು ಬಣ್ಣ ಚೆಲ್ಲಿದರೆ ಆಟಗಾರ ಔಟು. ರಂಗಪಂಚಮಿಗೆ ಪಿಚಕಾರಿ ಹಿಡಿಯುವ ಸೊಲ್ಲಾಪುರದ ಮಕ್ಕಳಿಗೆ ಹೆಚ್ಚಿನ ವಿವರಣೆ ಬೇಡ. ಓಟಕ್ಕಿಂತ ಗುರಿ, ಮರೆ, ತಾಳ್ಮೆಗಳು ಇಲ್ಲಿ ಮುಖ್ಯವಾದುದರಿಂದ ಗಾಲಿಕುರ್ಚಿಯವರೂ ಹೊರದೇಶಗಳಲ್ಲಿ ಇದನ್ನು ಆಡುತ್ತಾರೆ.

ಆಗ ಏಳುವ ತಕರಾರು ನ್ಯಾಯಾಲಯಕ್ಕೇ ಯೋಗ್ಯವಾದುದು. ಬಣ್ಣ ಕುರ್ಚಿಗೆ ತಾಗಿದರೆ ಆಟಗಾರ ಔಟೇ? ಹೌದೆಂದರೆ, ನೆಲಕ್ಕೆ ಮೈಚಾಚಿ ಅಡಗಲಾಗದ ಆ ವ್ಯಕ್ತಿ ಎಲ್ಲರಿಗಿಂತ ದೊಡ್ಡ ಗುರಿ. ಅಲ್ಲವೆಂದರೆ ಕುರ್ಚಿಯೇ ಗುರಾಣಿ. ಗಾಲಿಕುರ್ಚಿ ಬಾಸ್ಕೆಟ್‌ಬಾಲಿನಲ್ಲಿ ಕುರ್ಚಿಯನ್ನು ಆಟಗಾರನ ದೇಹದ ಭಾಗವೆಂದೇ ಎಣಿಸುತ್ತಾರೆ. ಗಾಲಿಕುರ್ಚಿ ಟೆನಿಸ್ಸಿನಲ್ಲಿ ಚೆಂಡು ಎರಡು ಬಾರಿ ಪುಟಿಯಬಹುದು. ಉಳಿದ ನಿಯಮಗಳು ಬಹುಮಟ್ಟಿಗೆ ಅವೇ. ಪೇಂಟ್‌ಬಾಲಿನಲ್ಲಿ ಚಕ್ರಕ್ಕೆ ಮತ್ತು ಕಾಲಿಡುವ ಪಟ್ಟಿಗೆ ತಾಗಿದ್ದನ್ನು ಬಿಟ್ಟು ಉಳಿದುದನ್ನೆಲ್ಲ ಎಣಿಸುವುದು ನ್ಯಾಯವೆನಿಸುತ್ತದೆ. ಯಾವುದೇ ಆಗಲಿ, ಸೀಟಿ ಊದುವ ಮೊದಲೇ ತೀರ್ಮಾನವಾಗಿರಬೇಕು. ಔಟಾದ ಮೇಲೆ ಕರುಣೆಯಿಂದ ನಿಯಮ ಬದಲಿಸುವುದು ಮತ್ತೆ ಹಳೆಯ ಏರ್ಪಾಡೇ.

ಮೈಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೆನ್ನುಹುರಿಗೆ ಪೆಟ್ಟಾದವರ ಕಾಲಿಗೆ ಹಲವು ವೇಳೆ ಸ್ಪರ್ಶಜ್ಞಾನವಿರುವುದಿಲ್ಲ; ಗುಂಡು ಬಡಿದು ಗಾಯವಾದರೂ ತಿಳಿಯದು. ಅವರಿಗೆ ದಪ್ಪ ಬಟ್ಟೆ ಬೇಕು, ಆಟ ಮುಗಿದ ಮೇಲೆ ಚರ್ಮವನ್ನು ನೋಡಿಕೊಳ್ಳಬೇಕು. ಪೆಟ್ಟು ಕಡಿಮೆಯಿರುವ ಸಣ್ಣ ಗುಂಡುಗಳೂ ಉಂಟು. ಕೈಯಲ್ಲಿ ಬಲವಿಲ್ಲದವರಿಗೆ ಬಂದೂಕನ್ನು ಕುರ್ಚಿಯ ತೋಳಿಗೇ ಬಿಗಿಯಬಹುದು. ಮುಖಗವಸು ಎಲ್ಲರಿಗೂ ಕಡ್ಡಾಯ.

ಇಂಥ ಆಟಗಾರರು ದೂರದವರೇನಲ್ಲ. ನೆರೆಯ ಸಾಂಗಲಿ ಜಿಲ್ಲೆಯ ಮುರಳೀಕಾಂತ ಪೇಟಕರ 1965ರ ಯುದ್ಧದಲ್ಲಿ ಗುಂಡೇಟು ತಿಂದು ಕಾಲುಗಳ ಬಲ ಕಳೆದುಕೊಂಡ ಸೈನಿಕ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿನಲ್ಲಿ 37.33 ಸೆಕೆಂಡಿಗೆ ಗುರಿ ಮುಟ್ಟಿ ಭಾರತಕ್ಕೆ ಆ ಕೂಟದ ಮೊದಲ ಚಿನ್ನ ತಂದರು. ಸೊಲ್ಲಾಪುರ ಜಿಲ್ಲೆಯದೇ ಆದ ಕರಮಾಳೆಯ ಸುಯಶ ಜಾಧವ ಬಾಲ್ಯದಲ್ಲಿ ವಿದ್ಯುತ್ ಆಘಾತದಿಂದ ಎರಡೂ ಕೈಗಳನ್ನು ಕಳೆದುಕೊಂಡವರು. 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಈಜಿನಲ್ಲಿ ಚಿನ್ನ ಗೆದ್ದರು, 2020ರ ಅರ್ಜುನ ಪ್ರಶಸ್ತಿ ಪಡೆದರು. ಗಡಿಯಾರ ಇವರಿಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.

ಕಾನೂನೂ ತೆಗೆದುಕೊಂಡಿದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 16ನೆಯ ಕಲಮು, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ಪಾಠದ ಜೊತೆಗೆ ಆಟದ ಅವಕಾಶವನ್ನೂ ಇತರರಿಗೆ ಸಮನಾಗಿ ಕೊಡುವಂತೆ ನೋಡಿಕೊಳ್ಳಬೇಕೆನ್ನುತ್ತದೆ. 30ನೆಯ ಕಲಮು ಕ್ರೀಡಾ ಸೌಕರ್ಯಗಳನ್ನು ಅವರಿಗೊಪ್ಪುವಂತೆ ಮರುರೂಪಿಸುವ ಮಾತಾಡುತ್ತದೆ. ಪಾಲಕರು ಶಾಲೆಯಲ್ಲಿ ಕೇಳುವಾಗ ದನಿ ತಗ್ಗಿಸಿ ಉಪಕಾರ ಬೇಡುವ ಕಾರಣವಿಲ್ಲ.

ಕೇಳಬೇಕಾದುದು ದೊಡ್ಡದೂ ಅಲ್ಲ. ಅಕ್ಕಲಕೋಟೆ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿದು ಮುಂದಿನ ಪುಟ್ಟ ಗಾಲಿಗಳನ್ನು ನುಂಗುತ್ತದೆ. ಮೈದಾನದ ಒಂದು ಮೂಲೆಗಾದರೂ ಗರಸು ಹಾಕಿ ರೋಲರ್ ಉರುಳಿಸಿದರೆ ಕುರ್ಚಿ ಓಡೀತು. ಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಸಾಕು. ಮೆಟ್ಟಿಲಿರುವಲ್ಲಿ ಇಳಿಜಾರು ಬೇಕು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಊರಲ್ಲಿ ಇಳಿಜಾರಿನ ಹೆಸರಿನಲ್ಲಿ ಕಟ್ಟಿರುವ ಕೆಲವು ಜಾರುಬಂಡಿಗಳನ್ನು ಕಂಡವರಿಗೆ ಈ ಅಳತೆಯ ಬೆಲೆ ಗೊತ್ತು.

ಪೇಂಟ್‌ಬಾಲಿನ ಬಂದೂಕು ಕನ್ನಡ ಶಾಲೆಯ ಹಣಕ್ಕೆ ನಿಲುಕುವಂಥದಲ್ಲ, ಬೇಕಾಗಿಯೂ ಇಲ್ಲ. ಮರೆಗೆ ನಾಲ್ಕು ಖಾಲಿ ಡ್ರಮ್ಮು, ಕಣ್ಣಿಗೆ ಕನ್ನಡಕ, ನೀರುಬಣ್ಣದಲ್ಲಿ ಅದ್ದಿದ ಬಟ್ಟೆಯ ಚೆಂಡು ಇದ್ದರೆ ರಂಗಪಂಚಮಿಯ ವಾರದಲ್ಲಿ ಆಟ ಹೂಡಬಹುದು. ಗಾಲಿಕುರ್ಚಿಯ ಮಗುವಿನ ಅಂಗಿಗೆ ಬಣ್ಣ ಬಿದ್ದಾಗ ಗುರುಗಳು ನಡುವೆ ಬಂದು “ಅದು ಬ್ಯಾಡ, ಬಿಡ್ರಿ” ಎನ್ನದಿರಲಿ. ಆ ಮಗು ತಾನು ಔಟಲ್ಲವೆಂದು ಜಗಳಕ್ಕೆ ನಿಂತರೆ, ಎಲ್ಲ ಮಕ್ಕಳಂತೆ ಅದೂ ಜಗಳವಾಡಲಿ.